ಫೈಲಲ್ಲಿ 14 ಎಂಒಯು ಇದೆ, ಕಂಪನಿಯವ್ರು ಮಾತ್ರ ಬರ್ತಿಲ್ಲ, ಎಲ್ಲಿಂದ ಶುರು ಮಾಡೋದು?

ಪ್ರಶ್ನೆ: ನಾನು ಒಂದು ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ವಿಭಾಗದಲ್ಲಿ ಪಾಠ ಮಾಡ್ತೀನಿ. ಈ ವರ್ಷದಿಂದ ಕಂಪನಿಗಳ ಜೊತೆಗಿನ ಸಂಬಂಧ ನೋಡಿಕೊಳ್ಳೋ ಜವಾಬ್ದಾರಿನೂ ನನಗೇ ಕೊಟ್ಟಿದ್ದಾರೆ. ಫೈಲ್ ತೆಗೆದು ನೋಡಿದ್ರೆ 14 ಎಂಒಯು (ಒಟ್ಟಿಗೆ ಕೆಲಸ ಮಾಡೋಣ ಅಂತ ಎರಡು ಸಂಸ್ಥೆ ಬರೆದುಕೊಳ್ಳೋ ಪತ್ರ) ಇದೆ, ಒಂದ್ರಿಂದಲೂ ಏನೂ ನಡೆದಿಲ್ಲ. ಫೋನ್ ಮಾಡಿದ್ರೆ "ನಿಮ್ಮ ವಿದ್ಯಾರ್ಥಿಗಳು ಕೆಲಸಕ್ಕೆ ರೆಡಿ ಇರಲ್ಲ" ಅಂತಾರೆ. ಕುಲಪತಿಗಳು ಮುಂದಿನ ತಿಂಗಳು ಇನ್ನೊಂದು ದೊಡ್ಡ ಕಂಪನಿ ಜೊತೆ ಸಹಿ ಹಾಕೋಣ ಅಂತಿದ್ದಾರೆ. ಎಲ್ಲಿಂದ ಶುರು ಮಾಡ್ಲಿ? ಇದೆಲ್ಲ ಪ್ಲೇಸ್‌ಮೆಂಟ್‌ಗೋಸ್ಕರ ಮಾತ್ರನಾ? ರಿಸರ್ಚ್ ಪ್ರಾಜೆಕ್ಟ್ ಬಂದ್ರೆ ಪೇಟೆಂಟ್ ಯಾರಿಗೆ ಸೇರತ್ತೆ?

ಉತ್ತರ: ಮೇಡಂ, ಮೊದಲು ಆ 14 ಎಂಒಯುಗಳನ್ನ ಸ್ವಲ್ಪ ದಿನ ಪಕ್ಕಕ್ಕಿಡಿ. ಅವು ಸುಳ್ಳು ಕಾಗದ ಅಂತ ನಾನು ಹೇಳ್ತಿಲ್ಲ, ಎರಡು ಸಂಸ್ಥೆಯವ್ರು ಕೂತು ಮುಂದೆ ಒಟ್ಟಿಗೆ ಏನಾದ್ರೂ ಮಾಡೋಣ ಅಂತ ಮನಸಾರೆ ಬರೆದುಕೊಂಡಿದ್ದೇ ಇರತ್ತೆ, ಆದ್ರೆ ಆ ಏನಾದ್ರೂ ಅಂದ್ರೆ ಏನು, ಯಾರು ಮಾಡ್ತಾರೆ, ಯಾವಾಗ ಮುಗಿಸ್ತಾರೆ, ಖರ್ಚು ಯಾರ್ದು ಅನ್ನೋದು ಒಂದೂ ಅದ್ರಲ್ಲಿ ಇರಲ್ಲ, ಸಹಿ ಹಾಕಿದವ್ರು ಇಬ್ರೂ ಮರುದಿನದಿಂದ ತಮ್ಮ ತಮ್ಮ ಕೆಲಸಕ್ಕೆ ಹೋಗ್ಬಿಡ್ತಾರೆ, ಕಾಗದ ಫೈಲ್ ಸೇರತ್ತೆ. ನಾನು ಮೊದಲು ಕಂಪನಿ ಕಡೆ ಇದ್ದು ಆಮೇಲೆ ವಿಶ್ವವಿದ್ಯಾಲಯಕ್ಕೆ ಬಂದು ಇದೇ ಕೆಲಸ ಮಾಡಿದವನು, ಎರಡೂ ಕಡೆ ಕೂತು ನೋಡಿದ್ಮೇಲೆ ನನಗೆ ಖಾತ್ರಿ ಆಗಿರೋದು ಇಷ್ಟು: ಈ ಕಡೆಯ ಒಬ್ಬ ಮೇಷ್ಟ್ರು, ಆ ಕಡೆಯ ಒಬ್ಬ ಎಂಜಿನಿಯರ್, ಇಬ್ರೂ ಸೇರಿ ಒಂದು ಚಿಕ್ಕ ಕೆಲಸನ ಹೇಳಿದ ದಿನಕ್ಕೆ ಮುಗಿಸಿದ್ರೆ ಅಲ್ಲಿಂದ ಸಂಬಂಧ ಶುರು ಆಗತ್ತೆ, ದೊಡ್ಡವ್ರ ಸಹಿ ಅದಾದ್ಮೇಲೆ ಬರ್ಬೇಕು. ನಿಮ್ಮಲ್ಲಿ ಕ್ರಮ ತಿರುಗುಮುರುಗಾಗಿದೆ, ಅಷ್ಟೇ. ಸರಿ ಮಾಡೋಕೆ ಆಗತ್ತೆ.

ಹೊರಗಡೆ ಹೋಗೋಕೆ ಮುಂಚೆ ಒಳಗಡೆ ಹುಡುಕಿ. ಯಾವ ವಿಶ್ವವಿದ್ಯಾಲಯ ತಗೊಂಡ್ರೂ ಕಂಪನಿಗಳ ಜೊತೆ ಸಂಬಂಧ ಈಗಾಗ್ಲೇ ಇದ್ದೇ ಇರತ್ತೆ, ಒಂದು ಕಡೆ ಬರೆದಿಟ್ಟಿರಲ್ಲ. ಯಾರೋ ಒಬ್ರು ಮೇಷ್ಟ್ರು ಸದ್ದಿಲ್ಲದೆ ಒಂದು ಫ್ಯಾಕ್ಟರಿಗೆ ಮೆಟೀರಿಯಲ್ ಟೆಸ್ಟಿಂಗ್ ಮಾಡಿಕೊಡ್ತಿರ್ತಾರೆ, ಇನ್ನೊಬ್ರ ಹಳೇ ಪಿಎಚ್‌ಡಿ ವಿದ್ಯಾರ್ಥಿ ಈಗ ಎಲ್ಲೋ ಡಿಸೈನ್ ಹೆಡ್ ಆಗಿರ್ತಾನೆ, ಲ್ಯಾಬ್ ಮೆಷಿನ್ ರಿಪೇರಿಗೆ ಬರೋ ಕಂಪನಿಯವ್ರು ಲ್ಯಾಬ್ ಇನ್‌ಸ್ಟ್ರಕ್ಟರ್‌ಗೆ ಹತ್ತು ವರ್ಷದ ಪರಿಚಯ, ಪ್ಲೇಸ್‌ಮೆಂಟ್ ಆಫೀಸಲ್ಲಿ ಯಾವ ಕಂಪನಿ ಒಂದು ಸಲ ಬಂದು ಮಾಯ ಆಯ್ತು ಯಾವ್ದು ವರ್ಷಾ ವರ್ಷಾ ಬರ್ತಿದೆ ಅನ್ನೋ ಲೆಕ್ಕ ಇರತ್ತೆ. ಇದನ್ನೆಲ್ಲ ಒಂದು ಶೀಟಲ್ಲಿ ಹಾಕಿ, ಕಂಪನಿ ಹೆಸರು, ಅಲ್ಲಿರೋ ವ್ಯಕ್ತಿ ಯಾರು, ಇಲ್ಲಿ ಅವ್ರಿಗೆ ಪರಿಚಯ ಇರೋರು ಯಾರು, ಕೊನೇ ಸಲ ಮಾತಾಡಿದ್ದು ಯಾವಾಗ, ಇಷ್ಟೇ ಸಾಕು. ಇದನ್ನ ಸರ್ಕ್ಯುಲರ್ ಕಳಿಸಿ ತರಿಸಿಕೊಳ್ಳೋಕೆ ಹೋಗ್ಬೇಡಿ, ಯಾರೂ ಉತ್ತರ ಬರೆಯಲ್ಲ, ಒಬ್ಬೊಬ್ರ ಹತ್ರನೂ ಹೋಗಿ ಕೂತು ಕೇಳಿ. ಎಷ್ಟೋ ಮೇಷ್ಟ್ರುಗಳಿಗೆ ತಾವು ಹೊರಗಿನವ್ರ ಜೊತೆ ಮಾಡ್ತಿರೋ ಕೆಲಸದ ಬಗ್ಗೆ ಯಾರೂ ಒಂದು ದಿನ ಕೇಳಿರಲ್ಲ, ನೀವು ಕೇಳಿದ್ರೆ ಖುಷಿಯಿಂದ ಹೇಳ್ತಾರೆ.

ಆಮೇಲೆ, ಕಂಪನಿ ಒಳಗಡೆ ಯಾರ ಹತ್ರ ಮಾತಾಡ್ತಿದ್ದೀರಿ ಅನ್ನೋದು ಬಹಳ ಮುಖ್ಯ, ಬಹಳ ಜನ ಇಲ್ಲೇ ಎಡವೋದು. ಎಚ್‌ಆರ್‌ನವ್ರಿಗೆ ಬೇಕಾಗಿರೋದು ಹೊಸಬರನ್ನ ಸೇರಿಸಿಕೊಳ್ಳೋದು, ಅವ್ರ ಕೈಲಿ ಪ್ರಾಜೆಕ್ಟ್ ಕೊಡೋ ಅಧಿಕಾರ ಇರಲ್ಲ. ಪ್ರೊಡಕ್ಷನ್ ಅಥವಾ ಡಿಸೈನ್ ಮ್ಯಾನೇಜರ್ ಟೇಬಲ್ ಮೇಲೆ ಬಿಡಿಸದೆ ಉಳಿದಿರೋ ಸಮಸ್ಯೆ ಹತ್ತು ಇರತ್ತೆ, ಆದ್ರೆ ವಿಶ್ವವಿದ್ಯಾಲಯದವ್ರು ಯಾರೂ ಅವ್ರನ್ನ ಹುಡುಕ್ಕೊಂಡು ಹೋಗಲ್ಲ. ಆರ್ ಅಂಡ್ ಡಿ, ಅಂದ್ರೆ ಸಂಶೋಧನಾ ವಿಭಾಗದ ಮುಖ್ಯಸ್ಥರಿಗೆ ನಿಮ್ಮ ಮೇಷ್ಟ್ರ ತಿಳುವಳಿಕೆ ಬೇಕು, ನೂರು ವಿದ್ಯಾರ್ಥಿಗಳು ಬೇಡ. ಟ್ರೈನಿಂಗ್ ವಿಭಾಗಕ್ಕೆ ತಮ್ಮ ಈಗಿನ ನೌಕರರಿಗೆ ಚಿಕ್ಕ ಕೋರ್ಸ್ ಬೇಕಿರತ್ತೆ. ಸಿಎಸ್‌ಆರ್‌ನವ್ರು, ಅಂದ್ರೆ ಕಂಪನಿಯ ಸಮಾಜಸೇವೆ ನೋಡ್ಕೊಳ್ಳೋರು, ಬೇರೇನೇ ಒಂದು ಲೋಕ. ಒಂದೇ ಬ್ರೋಷರ್ ಹಿಡ್ಕೊಂಡು ಇವ್ರೆಲ್ಲರ ಹತ್ರನೂ ಹೋದ್ರೆ ಎಲ್ಲ ಕಡೆ ಕಾಫಿ ಕುಡಿದು ವಾಪಸ್ ಬರೋದೇ ಆಗತ್ತೆ. ನಿಮ್ಮ 14 ಎಂಒಯುನಲ್ಲಿ ಎಷ್ಟಕ್ಕೆ ಎಚ್‌ಆರ್‌ನವ್ರೇ ಸಹಿ ಹಾಕಿದ್ದಾರೆ ನೋಡಿ, ಬಹುಶಃ ನಿಮಗೇ ಕಾರಣ ಗೊತ್ತಾಗತ್ತೆ.

ಇದೆಲ್ಲ ಪ್ಲೇಸ್‌ಮೆಂಟ್‌ಗೋಸ್ಕರ ಮಾತ್ರನಾ ಅಂತ ಕೇಳಿದ್ರಿ. ಖಂಡಿತ ಅಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವ್ರು 1994ರಲ್ಲಿ ಅಲ್ಲಿನ ಉತ್ಪಾದನಾ ಕಂಪನಿಗಳ ಆರ್ ಅಂಡ್ ಡಿ ಲ್ಯಾಬ್‌ಗಳನ್ನ ನಡೆಸೋ ಮ್ಯಾನೇಜರ್‌ಗಳನ್ನ ಸರ್ವೇ ಮಾಡಿದ್ರು, ವಿಶ್ವವಿದ್ಯಾಲಯಗಳ ಜ್ಞಾನ ನಿಮಗೆ ಯಾವ ದಾರೀಲಿ ಬಂದು ಸೇರತ್ತೆ ಅಂತ. ಮುಂದೆ ಬಂದಿದ್ದು ಪ್ರಕಟವಾದ ಪೇಪರ್‌ಗಳು, ಕಾನ್ಫರೆನ್ಸ್‌ಗಳು, ಹೀಗೇ ಪರಿಚಯದ ಮೇಲೆ ನಡೆಯೋ ಮಾತುಕತೆ, ಕನ್ಸಲ್ಟೆನ್ಸಿ. ಪೇಟೆಂಟ್ ಮತ್ತು ಲೈಸೆನ್ಸ್ ಬಹುತೇಕ ಇಂಡಸ್ಟ್ರಿಗಳಲ್ಲಿ ಹಿಂದೆ ಬಿದ್ದವು, ಔಷಧಿ ಕಂಪನಿಗಳದ್ದು ಸ್ವಲ್ಪ ಬೇರೆ ಕಥೆ. ಅಂದ್ರೆ ಮೇಷ್ಟ್ರು ಹೊರಗಡೆಯವ್ರ ಜೊತೆ ಮಾತಾಡೋದು, ಅವ್ರು ಕೇಳಿದ್ದಕ್ಕೆ ಉತ್ತರ ಕೊಡೋದು, ಒಂದು ದಿನ ಹೋಗಿ ಅವ್ರ ಲೈನ್ ನೋಡ್ಕೊಂಡು ಬರೋದು, ಇದೇ ನಿಜವಾದ ದಾರಿ, ಇದನ್ನ ನಾವು ಲೆಕ್ಕಕ್ಕೇ ತಗೊಳಲ್ಲ.

ಮೊದಲ ಮೀಟಿಂಗಲ್ಲಿ ನಿಮ್ಮ ಕ್ಯಾಂಪಸ್ ಎಷ್ಟು ಎಕರೆ, ರ‍್ಯಾಂಕ್ ಎಷ್ಟು ಅಂತ ಪಿಪಿಟಿ ತೋರಿಸ್ಬೇಡಿ ಮೇಡಂ. ಕೇಳೋಕೆ ಹೋಗಿ. ಈ ವರ್ಷ ಜನ ಇಲ್ದೆ ಅಥವಾ ಟೈಮ್ ಇಲ್ದೆ ಮುಂದಕ್ಕೆ ಹಾಕಿದ ಕೆಲಸ ಯಾವ್ದು? ಕೊನೇಗೆ ಸೇರಿಸಿಕೊಂಡ ಮೂರು ಜನ ಹೊಸಬರು ಸ್ವಂತವಾಗಿ ಕೆಲಸ ಮಾಡೋ ಹಂತಕ್ಕೆ ಬರೋಕೆ ಎಷ್ಟು ತಿಂಗಳು ಹಿಡೀತು, ಎಲ್ಲಿ ತಡವರಿಸಿದ್ರು? ನಿಮ್ಮಲ್ಲಿ ಇಲ್ಲದೆ ಹೊರಗಡೆ ಕೊಟ್ಟು ಮಾಡಿಸೋ ಟೆಸ್ಟ್ ಯಾವ್ದು? ಈ ಮೂರು ಕೇಳಿ ಸುಮ್ನೆ ಬರ್ಕೊಳ್ಳಿ, ಅವ್ರೇ ಅರ್ಧ ಗಂಟೆ ಮಾತಾಡ್ತಾರೆ. ವಾಪಸ್ ಬಂದ ವಾರದಲ್ಲೇ, ಆ ಮಾತಲ್ಲಿ ನಿಮಗೆ ನಿಜವಾಗ್ಲೂ ಮಾಡಿಕೊಡೋಕೆ ಆಗೋ ಒಂದನ್ನ ಹಿಡಿದು ಒಂದು ಪುಟ ಬರೆದು ಕಳಿಸಿ. ಮಾಡೋಕೆ ಆಗದೇ ಇರೋದನ್ನ ಆಗಲ್ಲ ಅಂತಲೇ ಬರೀರಿ, ಕಂಪನಿಯವ್ರು ಅದನ್ನ ತುಂಬಾ ಗೌರವಿಸ್ತಾರೆ. ಒಂದು ಈಮೇಲ್‌ಗೆ ಮೂರು ವಾರ ಉತ್ತರ ಬರದೆ ಇರೋದೇ ಅವ್ರು ನಮ್ಮ ಬಗ್ಗೆ ಹೇಳೋ ಮೊದಲ ದೂರು, ನಾನು ಕಂಪನಿಯಲ್ಲಿದ್ದಾಗ ನಾವೂ ಅದನ್ನೇ ಹೇಳ್ತಿದ್ವಿ.

ಮತ್ತೆ, ಚಿಕ್ಕ ಕಂಪನಿಗಳನ್ನ ದಯವಿಟ್ಟು ಬಿಡ್ಬೇಡಿ. ದೊಡ್ಡವ್ರಿಗೆ ಅವ್ರದ್ದೇ ಲ್ಯಾಬ್ ಇದೆ, ನೂರು ವಿಶ್ವವಿದ್ಯಾಲಯದವ್ರು ಅವ್ರ ಬಾಗಿಲಲ್ಲಿ ನಿಂತಿದ್ದಾರೆ. ನಲವತ್ತು ಜನ ಕೆಲಸ ಮಾಡೋ ಕಂಪನಿಗೆ ನಿಮ್ಮ ಒಂದು ಮೈಕ್ರೋಸ್ಕೋಪ್, ಒಬ್ಬ ಮೇಷ್ಟ್ರು, ಒಬ್ಬ ಒಳ್ಳೇ ವಿದ್ಯಾರ್ಥಿ ಸಿಕ್ರೆ ಅವ್ರ ವ್ಯಾಪಾರದಲ್ಲೇ ವ್ಯತ್ಯಾಸ ಕಾಣತ್ತೆ. ಬ್ರಿಟನ್‌ನಲ್ಲಿ ಇದಕ್ಕೆ ಒಂದು ಚೆನ್ನಾಗಿರೋ ವ್ಯವಸ್ಥೆ ಇದೆ, ನಾಲೆಡ್ಜ್ ಟ್ರಾನ್ಸ್‌ಫರ್ ಪಾರ್ಟ್ನರ್‌ಶಿಪ್ ಅಂತ, 1975ರಲ್ಲಿ ಟೀಚಿಂಗ್ ಕಂಪನಿ ಸ್ಕೀಮ್ ಅನ್ನೋ ಹೆಸರಲ್ಲಿ ಶುರು ಆಗಿ 2003ರಲ್ಲಿ ಈಗಿನ ಹೆಸರು ಬಂತು. ಅದ್ರಲ್ಲಿ ಮೂರು ಜನ: ಕಂಪನಿ, ವಿಶ್ವವಿದ್ಯಾಲಯದ ಮೇಷ್ಟ್ರು, ಮತ್ತೆ ಹೊಸದಾಗಿ ಡಿಗ್ರಿ ಮುಗಿಸಿದ ಒಬ್ಬ ಹುಡುಗ ಅಥವಾ ಹುಡುಗಿ. ಆ ಮೂರನೇ ವ್ಯಕ್ತಿ ಒಂದರಿಂದ ಮೂರು ವರ್ಷ ಕಂಪನಿಯಲ್ಲೇ ಕೂತು ಒಂದು ನಿರ್ದಿಷ್ಟ ಸಮಸ್ಯೆ ಮೇಲೆ ಕೆಲಸ ಮಾಡ್ತಾರೆ, ಮೇಷ್ಟ್ರು ಮೇಲ್ವಿಚಾರಣೆ ಮಾಡ್ತಾರೆ, ಖರ್ಚಿನ ಒಂದು ಭಾಗ ಸರ್ಕಾರದ್ದು, ಉಳಿದದ್ದು ಕಂಪನಿಯದ್ದು. ನನಗೆ ಇದ್ರಲ್ಲಿ ಇಷ್ಟ ಆಗೋದು ಏನಂದ್ರೆ, ಜ್ಞಾನ ವರ್ಗಾವಣೆ ಅಂತ ದೊಡ್ಡದಾಗಿ ಮಾತಾಡೋದನ್ನ ಅವ್ರು ಒಬ್ಬ ಮನುಷ್ಯನ ಕೆಲಸವಾಗಿ ಮಾಡಿದ್ದಾರೆ. ನಿಮ್ಮಲ್ಲಿ ಸರ್ಕಾರದ ದುಡ್ಡು ಇಲ್ದೆ ಇದ್ರೂ ಇದೇ ರೀತಿ ಚಿಕ್ಕದಾಗಿ ಒಬ್ಬರಿಗೆ ಆರು ತಿಂಗಳು ಮಾಡೋಕೆ ಅಡ್ಡಿ ಇಲ್ಲ.

ಈಗ ವಿದ್ಯಾರ್ಥಿಗಳ ಪ್ರಾಜೆಕ್ಟ್. ನಾನು ನಿಮಗೆ ಮೊದಲು ಮಾಡಿ ಅಂತ ಹೇಳೋದು ಇದನ್ನೇ, ಯಾಕಂದ್ರೆ ಹೊಸ ದುಡ್ಡು ಬೇಡ, ಹೊಸ ಅನುಮತಿ ಬೇಡ, ಕೊನೇ ವರ್ಷದ ಪ್ರಾಜೆಕ್ಟ್ ಹೇಗೂ ಇದ್ದೇ ಇದೆ. ಅಮೆರಿಕದ ಹಾರ್ವಿ ಮಡ್ ಕಾಲೇಜಿನವ್ರು 1963ರಿಂದ ಕ್ಲಿನಿಕ್ ಅನ್ನೋ ಪ್ರೋಗ್ರಾಮ್ ನಡೆಸ್ಕೊಂಡು ಬಂದಿದ್ದಾರೆ. ನಾಲ್ಕೈದು ವಿದ್ಯಾರ್ಥಿಗಳ ತಂಡ, ಒಬ್ಬ ಮೇಷ್ಟ್ರು, ಕಂಪನಿ ಕಡೆಯಿಂದ ಒಬ್ಬ ಸಂಪರ್ಕದ ಎಂಜಿನಿಯರ್, ಇಡೀ ಶೈಕ್ಷಣಿಕ ವರ್ಷ ಕಂಪನಿಯ ಒಂದೇ ಸಮಸ್ಯೆ, ಅದಕ್ಕೆ ಕಂಪನಿ ನಿಗದಿ ಮಾಡಿದ ಫೀಸ್ ಕಟ್ಟತ್ತೆ. ಫೀಸ್ ಅನ್ನೋದು ಇಲ್ಲಿ ಮುಖ್ಯ. ಎಷ್ಟು ಚಿಕ್ಕ ಮೊತ್ತ ಆದ್ರೂ ಇರ್ಲಿ, ದುಡ್ಡು ಕೊಟ್ಟ ಮ್ಯಾನೇಜರ್ ವಾರದ ಕಾಲ್‌ಗೆ ಬರ್ತಾನೆ, ಪುಕ್ಕಟೆ ಕೊಟ್ರೆ ಮೂರನೇ ವಾರಕ್ಕೆ ಫೋನ್ ಎತ್ತಲ್ಲ, ಹುಡುಗ್ರು ಯಾರಿಗೂ ಬೇಡದ ಕೆಲಸ ಮಾಡ್ತಾ ಕೂತಿರ್ತಾರೆ, ಅದು ಅವ್ರಿಗೆ ತುಂಬಾ ಬೇಜಾರು ತರತ್ತೆ.

ಯಾವ ಸಮಸ್ಯೆ ತಗೋಬೇಕು ಅನ್ನೋದ್ರಲ್ಲಿ ಹುಷಾರಾಗಿರಿ. ಕಂಪನಿಗೆ ಮುಖ್ಯವಾಗಿರ್ಬೇಕು, ಆದ್ರೆ ಅರ್ಜೆಂಟ್ ಇರ್ಬಾರ್ದು. ಮುಂದಿನ ತಿಂಗಳು ಕಸ್ಟಮರ್‌ಗೆ ಕೊಡ್ಬೇಕಾದ ಕೆಲಸನ ವಿದ್ಯಾರ್ಥಿಗಳಿಗೆ ಕೊಟ್ರೆ ಪರೀಕ್ಷೆ ವಾರ ಬಂದಾಗ ಎರಡೂ ಕಡೆ ಜಗಳ. ಎರಡು ವರ್ಷದಿಂದ ಯಾರಾದ್ರೂ ನೋಡ್ಬೇಕಿತ್ತು ಅಂತ ಪಟ್ಟಿಯಲ್ಲಿ ಬಿದ್ದಿರೋ ಕೆಲಸ ಕೇಳಿ, ಒಂದು ಜಿಗ್ (ಪಾರ್ಟ್ ಹಿಡಿದಿಡೋ ಸಾಧನ) ಹೊಸದಾಗಿ ಮಾಡೋದು, ಐದು ವರ್ಷದ ರಿಜೆಕ್ಷನ್ ಡೇಟಾ ಕೂತು ನೋಡೋದು, ಒಂದು ಪಾರ್ಟ್ ಬೇರೆ ಮೆಟೀರಿಯಲ್‌ನಲ್ಲಿ ಮಾಡಿದ್ರೆ ತಡ್ಕೊಳ್ಳತ್ತಾ ಅಂತ ಟೆಸ್ಟ್ ಮಾಡೋದು, ಈ ತರದ್ದು. ಶುರುವಲ್ಲೇ ಒಂದು ಪುಟದಲ್ಲಿ ಕೊನೇಗೆ ಏನು ಕೈಗೆ ಕೊಡ್ತೀವಿ ಅಂತ ಬರೀರಿ, ಮಧ್ಯದಲ್ಲಿ ಎರಡು ಸಲ ಅವ್ರ ಆಫೀಸಲ್ಲೇ ರಿವ್ಯೂ ಇಡಿ. ಸಮಸ್ಯೆ ಬಗೆಹರೀದೆ ಇದ್ರೂ ಪರವಾಗಿಲ್ಲ, ಈ ದಾರೀಲಿ ಹೋದ್ರೆ ಆಗಲ್ಲ ಅಂತ ಆಧಾರ ಸಮೇತ ತೋರಿಸಿದ ರಿಪೋರ್ಟ್‌ಗೂ ಕಂಪನಿಯಲ್ಲಿ ಬೆಲೆ ಇದೆ. ಗೈಡ್ ಮಾಡೋ ಮೇಷ್ಟ್ರಿಗೆ ಇದನ್ನ ವರ್ಕ್‌ಲೋಡ್‌ನಲ್ಲಿ ಗಂಟೆ ಲೆಕ್ಕ ಹಾಕಿ ಕೊಡಿಸಿ, ಇದನ್ನ ಕುಲಪತಿಗಳ ಹತ್ರ ಹಟ ಮಾಡಿಯಾದ್ರೂ ಮಾಡಿಸ್ಲೇಬೇಕು, ಇಲ್ಲಾಂದ್ರೆ ಮೊದಲ ವರ್ಷ ಉತ್ಸಾಹದಲ್ಲಿ ಮಾಡ್ತಾರೆ, ಎರಡನೇ ವರ್ಷ ಯಾರೂ ಮುಂದೆ ಬರಲ್ಲ.

ಇಂಟರ್ನ್‌ಶಿಪ್ ವಿಷಯಕ್ಕೆ ಬಂದ್ರೆ, ಇದ್ರಲ್ಲಿ ಕಷ್ಟದ ಭಾಗ ಕಂಪನಿ ಹುಡುಕೋದು ಅಂತ ಎಲ್ರೂ ಅಂದ್ಕೊಳ್ತಾರೆ, ನಿಜವಾದ ಕಷ್ಟ ಟೈಮ್‌ಟೇಬಲ್. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಅನ್ನೋ ಡೀನ್ 27 ವಿದ್ಯಾರ್ಥಿಗಳನ್ನ ಇಟ್ಕೊಂಡು ಕೋ-ಆಪ್ ಶಿಕ್ಷಣ ಶುರು ಮಾಡಿದ್ರು, ಓದು ಮತ್ತೆ ಸಂಬಳದ ಕೆಲಸ ಒಂದಾದ ಮೇಲೊಂದು. ಅವ್ರು ವಿದ್ಯಾರ್ಥಿಗಳನ್ನ ಜೋಡಿ ಮಾಡಿದ್ರು, ಒಬ್ಬ ಕ್ಲಾಸಲ್ಲಿ ಇದ್ದಾಗ ಇನ್ನೊಬ್ಬ ಫ್ಯಾಕ್ಟರಿಯಲ್ಲಿ, ವಾರ ಕಳೆದ ಮೇಲೆ ಅದಲು ಬದಲು. ಯಾಕೆ ಅಂದ್ರೆ ಫ್ಯಾಕ್ಟರಿಯವನಿಗೆ ಆ ಜಾಗ ಯಾವತ್ತೂ ಖಾಲಿ ಬೀಳ್ಬಾರ್ದು. ಕೆಲಸ ಕೊಡೋನ ಕಡೆಯಿಂದ ಯೋಚನೆ ಮಾಡಿ ಕ್ಯಾಲೆಂಡರ್ ಕಟ್ಟಿದ್ದು ಅಲ್ಲಿನ ಜಾಣತನ. 1957ರಲ್ಲಿ ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ ಶುರು ಆಗಿದ್ದೇ ಈ ಪದ್ಧತಿ ಮೇಲೆ. ಈಗ ಅಲ್ಲಿ ನಾಲ್ಕು ತಿಂಗಳ ಟರ್ಮ್‌ಗಳು, ಕೋ-ಆಪ್‌ನವ್ರಲ್ಲಿ ಒಂದಷ್ಟು ಜನ ಓದ್ತಿರ್ಬೇಕಾದ್ರೆ ಇನ್ನೊಂದಷ್ಟು ಜನ ಕೆಲಸದಲ್ಲಿ ಇರ್ತಾರೆ, ಹಾಗಾಗಿ ಕಂಪನಿಗೆ ವರ್ಷದ ಯಾವ ತಿಂಗಳಲ್ಲಿ ಕೇಳಿದ್ರೂ ಜನ ಸಿಗ್ತಾರೆ. ಇದಕ್ಕೆ ವಿಶ್ವವಿದ್ಯಾಲಯ ಕೊಡೋ ಬೆಲೆನೂ ದೊಡ್ಡದೇ, ಕ್ಯಾಂಪಸ್ ವರ್ಷ ಪೂರ್ತಿ ನಡೀಬೇಕು, ಒಂದೇ ಕೋರ್ಸನ್ನ ಬೇರೆ ಬೇರೆ ಟರ್ಮಲ್ಲಿ ಮತ್ತೆ ಮತ್ತೆ ಪಾಠ ಮಾಡ್ಬೇಕು. ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದವ್ರು ಇನ್ನೂ ಮುಂದೆ ಹೋದ್ರು, ಡೈಮ್ಲರ್-ಬೆಂಜ್, ಬಾಷ್ ತರದ ಕಂಪನಿಗಳು ಮುಂದೆ ಬಂದು 1974ರಲ್ಲಿ ಸ್ಟುಟ್‌ಗಾರ್ಟ್ ಮತ್ತು ಮಾನ್‌ಹೈಮ್‌ನಲ್ಲಿ ಶುರು ಆದ ಬೆರೂಫ್ಸ್‌ಅಕಾಡೆಮಿ ಅನ್ನೋ ಸಂಸ್ಥೆಗಳು 2009ರಲ್ಲಿ ಸೇರಿ ರಾಜ್ಯದ ಒಂದೇ ಉನ್ನತ ಶಿಕ್ಷಣ ಸಂಸ್ಥೆ ಆಯ್ತು. ಅಲ್ಲಿ ವಿದ್ಯಾರ್ಥಿಗೆ ಮೊದಲು ಕಂಪನಿ ಜೊತೆ ಒಪ್ಪಂದ ಆಗತ್ತೆ, ಆಮೇಲೆ ಸೀಟು, ಮೂರು ತಿಂಗಳು ಓದು ಮೂರು ತಿಂಗಳು ಕೆಲಸ, ಓದೋ ತಿಂಗಳಲ್ಲೂ ಸಂಬಳ ಬರತ್ತೆ.

ನೀವು ಇಷ್ಟು ದೊಡ್ಡದು ಮಾಡ್ಬೇಕಿಲ್ಲ. ಆದ್ರೆ ನಿಮ್ಮ ವಿಭಾಗದ ಒಂದು ಸೆಮಿಸ್ಟರ್‌ನಲ್ಲಿ ಕ್ಲಾಸ್‌ಗಳನ್ನ ಒಂದು ಕಡೆ ಒತ್ತಿ ಕನಿಷ್ಠ ನಾಲ್ಕು ತಿಂಗಳು ಬಿಡುವು ಮಾಡಿಕೊಡೋಕೆ ಆಗತ್ತಾ ನೋಡಿ, ಯಾಕಂದ್ರೆ ಆರು ವಾರದ ಇಂಟರ್ನ್‌ಶಿಪ್‌ನಲ್ಲಿ ಮೂರು ವಾರ ಐಡಿ ಕಾರ್ಡ್, ಲ್ಯಾಪ್‌ಟಾಪ್, ಪರ್ಮಿಷನ್‌ಗಳಲ್ಲೇ ಹೋಗತ್ತೆ, ಕಲಿಸಿದ ಎಂಜಿನಿಯರ್‌ಗೆ ಅದ್ರಿಂದ ಏನೂ ಸಿಗಲ್ಲ. ಇನ್ನೊಂದು ಮಾತು ಖಡಾಖಂಡಿತವಾಗಿ ಹೇಳ್ತೀನಿ, ಸಂಬಳ ಕೊಡದ ಇಂಟರ್ನ್‌ಶಿಪ್‌ಗೆ ವಿದ್ಯಾರ್ಥಿಗಳನ್ನ ಕಳಿಸ್ಬೇಡಿ. ಅನುಕೂಲ ಇರೋ ಮನೆಯ ಮಕ್ಕಳು ಹೋಗ್ತಾರೆ, ಉಳಿದವ್ರಿಗೆ ಬಸ್ ಚಾರ್ಜ್‌ಗೂ ಕಷ್ಟ, ಪ್ರಮಾಣಪತ್ರ ಮಾತ್ರ ಎಲ್ರಿಗೂ ಬೇಕು ಅಂತ ಆದಾಗ ಇದು ತುಂಬಾ ಅನ್ಯಾಯ. ಕೊಡೋಕೆ ಆಗಲ್ಲ ಅನ್ನೋ ಕಂಪನಿ ಜೊತೆ ಪ್ರಾಜೆಕ್ಟ್ ಮಾಡಿ, ಇಂಟರ್ನ್‌ಶಿಪ್ ಬೇಡ. ಕಳಿಸಿದ ಮೇಲೆ ಮಧ್ಯದಲ್ಲಿ ಒಂದು ಸಲ ಮೇಷ್ಟ್ರೊಬ್ರು ಹೋಗಿ ನೋಡ್ಲೇಬೇಕು, ವಿದ್ಯಾರ್ಥಿ ಫೋಟೋಕಾಪಿ ಮಾಡ್ತಾ ಕೂತಿದ್ದಾನೋ ಕಲೀತಿದ್ದಾನೋ ಅಂತ, ಜೊತೆಗೆ ಆ ಭೇಟಿಯಲ್ಲೇ ಮುಂದಿನ ವರ್ಷದ ಪ್ರಾಜೆಕ್ಟ್ ಮಾತು ಬರೋದು.

"ರೆಡಿ ಇರಲ್ಲ" ಅನ್ನೋ ಮಾತಿಗೆ ನೀವು ನೊಂದುಕೊಂಡಿದ್ದೀರಿ ಅಂತ ಪ್ರಶ್ನೆ ಓದಿದ್ರೆ ಗೊತ್ತಾಗತ್ತೆ. ಆ ಮಾತನ್ನ ಹಾಗೇ ತಗೋಬೇಡಿ, ಬಿಡಿಸಿ ಕೇಳಿ. ಯಾವ ಕೆಲಸ ಕೊಟ್ಟಾಗ ಆಗ್ಲಿಲ್ಲ, ಡ್ರಾಯಿಂಗ್ ಓದೋಕೆ ಬರ್ಲಿಲ್ವಾ, ಈಮೇಲ್ ಬರೆಯೋಕೆ ಬರ್ಲಿಲ್ವಾ, ಗೊತ್ತಿಲ್ಲ ಅಂತ ಹೇಳೋಕೆ ಹೆದರಿ ಒಂದು ವಾರ ಸುಮ್ನೆ ಕೂತಿದ್ನಾ? ಒಂದೊಂದಕ್ಕೂ ಮದ್ದು ಬೇರೆ. ಕೆಲವಕ್ಕೆ ನಾವು ಜವಾಬ್ದಾರರು, ಕೆಲವು ಕಂಪನಿಯೇ ಕಲಿಸ್ಬೇಕಾದ್ದು, ಅವ್ರ ಸಾಫ್ಟ್‌ವೇರ್, ಅವ್ರ ಫಾರ್ಮ್, ಅವ್ರ ಪದ್ಧತಿ ನಾವು ನಾಲ್ಕು ವರ್ಷದಲ್ಲಿ ಕಲಿಸೋದಲ್ಲ. ಇಲ್ಲಿ ಒಂದು ಗೆರೆ ಎಳೀಬೇಕು ಮೇಡಂ, ಸಿಲಬಸ್ ಬಗ್ಗೆ ಕಂಪನಿಯ ಮಾತು ಕೇಳಿ ಆದ್ರೆ ಸಿಲಬಸನ್ನ ಅವ್ರ ಕೈಗೆ ಕೊಡ್ಬೇಡಿ. ಇವತ್ತು ಎಲ್ರೂ ಕೇಳೋ ಟೂಲ್ ಐದು ವರ್ಷಕ್ಕೆ ಹಳೇದಾಗತ್ತೆ, ಆ ವಿದ್ಯಾರ್ಥಿ ನಲವತ್ತು ವರ್ಷ ಕೆಲಸ ಮಾಡ್ಬೇಕು, ಬುನಾದಿ ಗಟ್ಟಿ ಇದ್ರೆ ಟೂಲ್ ಎರಡು ತಿಂಗಳಲ್ಲಿ ಕಲೀತಾನೆ. ಅಡ್ವೈಸರಿ ಬೋರ್ಡ್ ಮಾಡೋದಾದ್ರೆ ಅದ್ರಲ್ಲಿ ಡೈರೆಕ್ಟರ್‌ಗಳನ್ನ ತುಂಬಿಸ್ಬೇಡಿ, ಅವ್ರು ವರ್ಷಕ್ಕೊಂದು ಸಲ ಬಂದು ಶಾಲು ಹೊದಿಸಿಕೊಂಡು ಹೋಗ್ತಾರೆ. ಹೊಸಬರನ್ನ ದಿನಾ ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಮಾಡಿಸೋ ಟೀಮ್ ಲೀಡರ್‌ಗಳು, ಮೂರ್ನಾಲ್ಕು ವರ್ಷದ ಹಿಂದೆ ನಿಮ್ಮಲ್ಲೇ ಓದಿ ಹೋದವ್ರು, ಇಂಥವ್ರನ್ನ ಕರೀರಿ. ಪಾಠದ ಪ್ಲಾನ್ ಮುಂದೆ ಇಟ್ಟು ಇದ್ರಲ್ಲಿ ಯಾವ್ದು ನಿಮಗೆ ಕೆಲಸಕ್ಕೆ ಬಂತು, ಯಾವ್ದು ಇಲ್ಲಿ ಕಲ್ತಿದ್ರೆ ಚೆನ್ನಾಗಿತ್ತು ಅಂತ ಕೇಳಿ. ಮುಂದಿನ ಮೀಟಿಂಗಲ್ಲಿ ಮೊದಲು, ನೀವು ಹೇಳಿದ್ರಲ್ಲಿ ಏನು ಮಾಡಿದ್ವಿ ಏನು ಮಾಡ್ಲಿಲ್ಲ ಯಾಕೆ ಅಂತ ಹೇಳಿ ಆಮೇಲೆ ಶುರು ಮಾಡಿ. ಸಾಧ್ಯ ಆದ್ರೆ ನಿಮ್ಮ ಯುವ ಮೇಷ್ಟ್ರುಗಳನ್ನ ಒಂದೆರಡು ತಿಂಗಳು ಕಂಪನಿಗೆ ಕಳಿಸಿ, ಅದ್ರಿಂದ ಕ್ಲಾಸ್‌ರೂಮ್‌ಗೆ ಬರೋ ಬದಲಾವಣೆ ಹತ್ತು ಗೆಸ್ಟ್ ಲೆಕ್ಚರ್‌ನಿಂದ ಬರಲ್ಲ.

ಈಗ ಪೇಟೆಂಟ್ ಪ್ರಶ್ನೆ, ಇದು ದೊಡ್ಡದು. ಯಾರಿಗೆ ಸೇರತ್ತೆ ಅನ್ನೋದಕ್ಕೆ ಒಂದೇ ಉತ್ತರ ಇಲ್ಲ, ದೇಶದ ಕಾನೂನು, ನಿಮ್ಮ ವಿಶ್ವವಿದ್ಯಾಲಯದ ನಿಯಮ, ಸಹಿ ಹಾಕಿದ ಒಪ್ಪಂದ, ಮೂರೂ ಸೇರಿ ತೀರ್ಮಾನ ಆಗತ್ತೆ. ಅಮೆರಿಕದಲ್ಲಿ 1980ರ ಬೇ-ಡೋಲ್ ಕಾಯ್ದೆ ಬಂದ್ಮೇಲೆ ಕೇಂದ್ರ ಸರ್ಕಾರದ ದುಡ್ಡಲ್ಲಿ ನಡೆದ ಸಂಶೋಧನೆಯ ಹಕ್ಕನ್ನ ವಿಶ್ವವಿದ್ಯಾಲಯಗಳು ಇಟ್ಕೋಬಹುದು ಅಂತಾಯ್ತು, ಸ್ವೀಡನ್‌ನಲ್ಲಿ ಇವತ್ತಿಗೂ ಅದು ಕಂಡುಹಿಡಿದ ಮೇಷ್ಟ್ರದ್ದೇ, ಜರ್ಮನಿ ಅಂಥದ್ದೇ ಪದ್ಧತಿನ 2002ರಲ್ಲಿ ಕೈಬಿಡ್ತು. ಕಾಗದ ಎಷ್ಟು ಹುಷಾರಾಗಿ ಓದ್ಬೇಕು ಅನ್ನೋದಕ್ಕೆ ಸ್ಟ್ಯಾನ್‌ಫರ್ಡ್ ಮತ್ತು ರೋಷ್ ಕೇಸ್ ನೋಡಿ. ಸ್ಟ್ಯಾನ್‌ಫರ್ಡ್‌ನ ಒಬ್ಬ ಸಂಶೋಧಕರು ನನ್ನ ಆವಿಷ್ಕಾರಗಳ ಹಕ್ಕನ್ನ ವಿಶ್ವವಿದ್ಯಾಲಯಕ್ಕೆ ಬರೆದುಕೊಡೋಕೆ ಒಪ್ಪಿದ್ದೀನಿ ಅಂತ ಸಹಿ ಹಾಕಿದ್ರು, ಆಮೇಲೆ ಪಿಸಿಆರ್ ಅನ್ನೋ, ಡಿಎನ್‌ಎ ಪ್ರತಿಗಳನ್ನ ಹೆಚ್ಚಿಸೋ ತಂತ್ರ ಕಲಿಯೋಕೆ ಸೀಟಸ್ ಅನ್ನೋ ಕಂಪನಿಗೆ ಹೋದಾಗ ಅಲ್ಲಿ ಭೇಟಿಗೆ ಬಂದವ್ರಿಗೆ ಕೊಡೋ ಗೋಪ್ಯತೆ ಫಾರ್ಮ್‌ಗೂ ಸಹಿ ಹಾಕಿದ್ರು, ಅದ್ರಲ್ಲಿ ಹಕ್ಕನ್ನ ಈ ಮೂಲಕ ಈಗಲೇ ಕೊಟ್ಟಿದ್ದೀನಿ ಅಂತ ಇತ್ತು. ಸೀಟಸ್‌ನ ಆ ವ್ಯವಹಾರ ರೋಷ್ ಅನ್ನೋ ಔಷಧಿ ಕಂಪನಿ ಕೈಗೆ ಹೋಯ್ತು, ಆ ಸಂಶೋಧನೆಯಿಂದ ಬಂದ ಎಚ್‌ಐವಿ ಟೆಸ್ಟ್ ಹಕ್ಕಿನ ಜಗಳ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2011ರಲ್ಲಿ ಸ್ಟ್ಯಾನ್‌ಫರ್ಡ್ ಸೋತಿತು. ಅಂದ್ರೆ ನಿಮ್ಮ ಮೇಷ್ಟ್ರು, ವಿದ್ಯಾರ್ಥಿಗಳು ಕಂಪನಿ ಗೇಟಲ್ಲಿ ಕೊಡೋ ಫಾರ್ಮ್‌ಗೆ ಸಹಿ ಹಾಕೋಕೆ ಮುಂಚೆ ಅದನ್ನ ನಿಮ್ಮ ಆಫೀಸ್‌ಗೆ ಕಳಿಸ್ಬೇಕು ಅನ್ನೋ ನಿಯಮ ಇವತ್ತೇ ಮಾಡಿ.

ಹಾಗಂತ ಪೇಟೆಂಟ್‌ಗೋಸ್ಕರ ಜಗಳಕ್ಕೆ ನಿಲ್ಲೋದೂ ಬೇಡ. ಗೂಗಲ್‌ನ ಪೇಜ್‌ರ‍್ಯಾಂಕ್ ಪೇಟೆಂಟ್ (ಹುಡುಕಿದಾಗ ಬರೋ ಪುಟಗಳನ್ನ ಕ್ರಮದಲ್ಲಿ ಜೋಡಿಸೋ ವಿಧಾನದ್ದು) ಸ್ಟ್ಯಾನ್‌ಫರ್ಡ್‌ದ್ದಾಗಿತ್ತು, ಅದಕ್ಕೆ ಬದಲಾಗಿ ಸಿಕ್ಕ ಷೇರುಗಳನ್ನ ಮಾರಿ ಅವ್ರಿಗೆ 2005ರ ಹೊತ್ತಿಗೆ ಸುಮಾರು 33.6 ಕೋಟಿ ಡಾಲರ್ ಬಂತು, ಈ ಕಥೆ ಎಲ್ರೂ ಹೇಳ್ತಾರೆ. ಆದ್ರೆ ಅಮೆರಿಕದಲ್ಲೇ ಬಹುಪಾಲು ವಿಶ್ವವಿದ್ಯಾಲಯಗಳ ಟೆಕ್ನಾಲಜಿ ಟ್ರಾನ್ಸ್‌ಫರ್ ಆಫೀಸ್‌ಗಳಿಗೆ, ಅಂದ್ರೆ ಪೇಟೆಂಟ್, ಲೈಸೆನ್ಸ್ ನೋಡ್ಕೊಳ್ಳೋ ಆಫೀಸ್‌ಗಳಿಗೆ, ತಮ್ಮ ಖರ್ಚು ಹುಟ್ಟಿಸಿಕೊಳ್ಳೋದೇ ಕಷ್ಟ. ಹಕ್ಕು ಯಾರ್ದು ಅಂತ ಆರು ತಿಂಗಳು ಎರಡೂ ಕಡೆ ವಕೀಲರು ಗುದ್ದಾಡಿ ಕೊನೇಗೆ ಪ್ರಾಜೆಕ್ಟೇ ಸತ್ತು ಹೋಗಿದ್ದು ನಾನು ನೋಡಿದ್ದೀನಿ. ಬ್ರಿಟನ್‌ನವ್ರು ಇದೇ ಕಾರಣಕ್ಕೆ ಕಂಪನಿ-ವಿಶ್ವವಿದ್ಯಾಲಯ ಸಂಬಂಧದ ಬಗ್ಗೆ 2003ರಲ್ಲಿ ಬಂದ ಲ್ಯಾಂಬರ್ಟ್ ವರದಿ ಆದ್ಮೇಲೆ ಮಾದರಿ ಒಪ್ಪಂದಗಳ ಒಂದು ಕಟ್ಟು ತಯಾರು ಮಾಡಿ 2005ರಲ್ಲಿ ಹೊರತಂದ್ರು, ಒಂದ್ರಲ್ಲಿ ಹಕ್ಕು ವಿಶ್ವವಿದ್ಯಾಲಯದ್ದು ಕಂಪನಿಗೆ ಬಳಸೋ ಲೈಸೆನ್ಸ್, ಇನ್ನೊಂದ್ರಲ್ಲಿ ಹಕ್ಕು ಕಂಪನಿಯದ್ದು, ಹೀಗೆ, ಎರಡೂ ಕಡೆಯವ್ರು ತಮಗೆ ಹೊಂದೋದನ್ನ ಆರಿಸಿಕೊಂಡ್ರೆ ಸಾಕು. ಇಂಥ ಎರಡು ಮೂರು ಮಾದರಿನ ನಿಮ್ಮ ಕಾನೂನು ಸಲಹೆಗಾರರ ಹತ್ರ ಮೊದಲೇ ಒಪ್ಪಿಸಿ ಇಟ್ಕೊಳ್ಳಿ. ನನ್ನ ಲೆಕ್ಕದಲ್ಲಿ ಕಂಪನಿ ಪೂರ್ತಿ ಖರ್ಚು ಕೊಟ್ಟು, ಅವ್ರದ್ದೇ ಪ್ರಾಡಕ್ಟ್ ಮೇಲೆ ನಡೆಯೋ ಕೆಲಸ ಆದ್ರೆ ಹಕ್ಕು ಅವ್ರಿಗೇ ಬಿಡಬಹುದು, ನಿಮ್ಮ ಮೇಷ್ಟ್ರು ಹತ್ತು ವರ್ಷದಿಂದ ಬೆಳೆಸ್ಕೊಂಡು ಬಂದ ವಿಷಯ ಆದ್ರೆ ಬಿಡ್ಬಾರ್ದು, ಲೈಸೆನ್ಸ್ ಕೊಡಿ ಸಾಕು. ಪೂರ್ತಿ ಖರ್ಚು ಅಂದ್ರೆ ಮೇಷ್ಟ್ರ ಸಮಯ, ಲ್ಯಾಬ್, ಕರೆಂಟು, ಆಫೀಸ್ ಎಲ್ಲ ಸೇರಿಸಿ.

ಬಿಟ್ಟುಕೊಡ್ಬಾರದ್ದು ಒಂದಿದೆ, ಪ್ರಕಟಿಸೋ ಹಕ್ಕು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಕ್ಯಾಂಪಸಲ್ಲಿ 1987ರಲ್ಲಿ ಥೈರಾಯ್ಡ್ ಔಷಧಿ ಬಗ್ಗೆ ಕಂಪನಿ ದುಡ್ಡಲ್ಲಿ ಒಂದು ಅಧ್ಯಯನ ಶುರು ಆಯ್ತು, ಕಂಪನಿಯ ಲಿಖಿತ ಒಪ್ಪಿಗೆ ಇಲ್ದೆ ಪ್ರಕಟಿಸೋ ಹಾಗಿಲ್ಲ ಅಂತ ಒಪ್ಪಂದದಲ್ಲಿ ಇತ್ತು. ಕಡಿಮೆ ಬೆಲೆಯ ಔಷಧಿಗಳೂ ಅಷ್ಟೇ ಚೆನ್ನಾಗಿ ಕೆಲಸ ಮಾಡ್ತವೆ ಅಂತ ಫಲಿತಾಂಶ ಬಂತು, ಆ ಪೇಪರ್ ಹೊರಗೆ ಬಂದಿದ್ದು 1997ರಲ್ಲಿ. ಅಷ್ಟು ವರ್ಷ ಜನ ದುಬಾರಿ ಔಷಧಿಗೆ ದುಡ್ಡು ಕೊಟ್ರು. ಪೇಟೆಂಟ್ ಅರ್ಜಿ ಹಾಕೋಕೆ ಅಂತ ಎರಡು ಮೂರು ತಿಂಗಳು ತಡ ಮಾಡೋದು ನ್ಯಾಯ, ಅದಕ್ಕಿಂತ ಹೆಚ್ಚಿಗೆ ಬೇಡ, ವಿದ್ಯಾರ್ಥಿಯ ಥೀಸಿಸ್ ಅಂತೂ ತಡೆಯೋ ಹಾಗೇ ಇಲ್ಲ ಅಂತ ಬರೆಸಿ. ಇನ್ನೊಂದು, ಇಡೀ ವಿಭಾಗನೇ ಒಂದು ಕಂಪನಿಗೆ ಕಟ್ಟಿ ಹಾಕೋ ಒಪ್ಪಂದ ಬೇಡ. 1998ರಲ್ಲಿ ಅದೇ ವಿಶ್ವವಿದ್ಯಾಲಯದ ಬರ್ಕ್‌ಲಿ ಕ್ಯಾಂಪಸಿನ ಸಸ್ಯ ಮತ್ತು ಸೂಕ್ಷ್ಮಜೀವಿ ವಿಜ್ಞಾನ ವಿಭಾಗ ನೋವಾರ್ಟಿಸ್ ಅನ್ನೋ ಕಂಪನಿ ಜೊತೆ ಐದು ವರ್ಷಕ್ಕೆ 2.5 ಕೋಟಿ ಡಾಲರ್ ಒಪ್ಪಂದ ಮಾಡ್ಕೊಂಡಾಗ ಒಳಗಡೆನೇ ದೊಡ್ಡ ವಿರೋಧ ಬಂತು, ದುಡ್ಡು ಹಂಚೋ ಸಮಿತಿಯ ಐದು ಜನರಲ್ಲಿ ಇಬ್ರು ಕಂಪನಿಯವ್ರು. ಆಮೇಲೆ ಹೊರಗಿನಿಂದ ಪರಿಶೀಲನೆ ಮಾಡಿದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದವ್ರು ಇಡೀ ವಿಭಾಗಗಳನ್ನ ಒಳಗೊಳ್ಳೋ ಇಂಥ ಒಪ್ಪಂದಗಳಿಂದ ದೂರ ಇರಿ ಅಂತ ಸಲಹೆ ಕೊಟ್ರು. ಅದಕ್ಕಿಂತ ಬ್ರಿಟನ್‌ನ ಶೆಫೀಲ್ಡ್ ವಿಶ್ವವಿದ್ಯಾಲಯದ ದಾರಿ ನೋಡಿ, 2001ರಲ್ಲಿ ವಿಮಾನ ಕಂಪನಿ ಬೋಯಿಂಗ್ ಜೊತೆ ಶುರು ಮಾಡಿದ ಅವ್ರ ಉತ್ಪಾದನಾ ಸಂಶೋಧನಾ ಕೇಂದ್ರಕ್ಕೆ ಬೇರೆ ಬೇರೆ ಕಂಪನಿಗಳು ಸದಸ್ಯರು, ಸಾಮಾನ್ಯ ಸಂಶೋಧನೆಯ ಫಲ ಎಲ್ರಿಗೂ, ತಮ್ಮದೇ ಗುಟ್ಟಿನ ಕೆಲಸಕ್ಕೆ ಬೇರೆ ದುಡ್ಡು ಬೇರೆ ಒಪ್ಪಂದ.

ಇಷ್ಟೆಲ್ಲ ನಡೀಬೇಕು ಅಂದ್ರೆ ಒಳಗಡೆ ಒಬ್ರು ಕಾಯಂ ಆಗಿ ಇರ್ಬೇಕು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವ್ರು 1948ರಿಂದ ಇಂಡಸ್ಟ್ರಿಯಲ್ ಲಿಯೇಸನ್ ಪ್ರೋಗ್ರಾಮ್ ಅಂತ, ಕಂಪನಿಗಳ ಜೊತೆ ಸಂಪರ್ಕ ಇಟ್ಕೊಳ್ಳೋ ಕಾರ್ಯಕ್ರಮ ನಡೆಸ್ತಿದ್ದಾರೆ, ಸದಸ್ಯ ಕಂಪನಿಗೆ ಅಲ್ಲಿ ತಮ್ಮದು ಅಂತ ಒಬ್ಬ ವ್ಯಕ್ತಿ ಇರ್ತಾರೆ, ಯಾವ ವಿಭಾಗದಲ್ಲಿ ಏನು ನಡೀತಿದೆ ಅಂತ ಗೊತ್ತಿದ್ದು ಸರಿಯಾದ ಮೇಷ್ಟ್ರ ಹತ್ರ ಕರ್ಕೊಂಡು ಹೋಗೋರು. ನಿಮ್ಮಲ್ಲಿ ಆ ಜಾಗಕ್ಕೆ ಎರಡು ವರ್ಷಕ್ಕೊಬ್ಬ ಮೇಷ್ಟ್ರನ್ನ ಬದಲಾಯಿಸ್ತಾ ಹೋದ್ರೆ ಪ್ರತಿ ಸಲ ಸೊನ್ನೆಯಿಂದ ಶುರು. ಪಾಠದ ಗಂಟೆ ಕಡಿಮೆ ಮಾಡಿಸ್ಕೊಳ್ಳಿ, ಜೊತೆಗೆ ಪೂರ್ತಿ ಸಮಯದ ಒಬ್ಬ ಸಿಬ್ಬಂದಿ ಕೇಳಿ, ಎಲ್ಲ ಮಾತುಕತೆ ಆ ಶೀಟಲ್ಲಿ ದಾಖಲಾಗ್ತಾ ಹೋಗ್ಲಿ. ಕನ್ಸಲ್ಟೆನ್ಸಿಯಿಂದ ಬಂದ ದುಡ್ಡಲ್ಲಿ ಮೇಷ್ಟ್ರಿಗೆ, ವಿಭಾಗಕ್ಕೆ ಎಷ್ಟು ಅನ್ನೋದು ಮೊದಲೇ ಬರೆದಿರ್ಬೇಕು ಮತ್ತೆ ಬೇಗ ಕೈ ಸೇರ್ಬೇಕು, ವರ್ಷಗಟ್ಲೆ ಫೈನಾನ್ಸ್ ಸೆಕ್ಷನ್‌ನಲ್ಲಿ ಸಿಕ್ಕಿಕೊಂಡ್ರೆ ಮುಂದಿನ ಸಲ ಆ ಮೇಷ್ಟ್ರು ವಿಶ್ವವಿದ್ಯಾಲಯಕ್ಕೆ ಹೇಳದೇ ಕೆಲಸ ಮಾಡ್ತಾರೆ. ಕುಲಪತಿಗಳಿಗೆ ಕೊಡೋ ರಿಪೋರ್ಟಲ್ಲಿ ಎಂಒಯು ಸಂಖ್ಯೆ ತೆಗೆದು ಹಾಕಿ, ಎರಡನೇ ಸಲ ವಾಪಸ್ ಬಂದ ಕಂಪನಿಗಳು ಎಷ್ಟು ಅನ್ನೋದನ್ನ ಮೊದಲ ಸಾಲಲ್ಲಿ ಹಾಕಿ. ಮೊದಲ ವರ್ಷ ಅದು ಎರಡೋ ಮೂರೋ ಇರತ್ತೆ, ಇರ್ಲಿ.

ಇನ್ನು ಮುಂದಿನ ತಿಂಗಳ ಸಹಿ. ಬೇಡ ಅಂತ ಕುಲಪತಿಗಳಿಗೆ ಹೇಳೋಕೆ ನಿಮಗೆ ಆಗಲ್ಲ, ಹೇಳ್ಬೇಕಾಗೂ ಇಲ್ಲ. ಆ ಎಂಒಯು ಜೊತೆ ಒಂದು ಪುಟದ ಅನುಬಂಧ ಸೇರಿಸೋಣ ಅಂತ ಕೇಳಿ. ಅದ್ರಲ್ಲಿ ಮೊದಲ ಒಂದು ಕೆಲಸದ ಹೆಸರು, ಎರಡೂ ಕಡೆಯಿಂದ ಜವಾಬ್ದಾರಿ ಹೊತ್ತ ಒಬ್ಬೊಬ್ರ ಹೆಸರು, ಶುರು ಆಗೋ ದಿನ, ಮುಗಿಯೋ ದಿನ, ಖರ್ಚು ಎಷ್ಟು ಯಾರ್ದು, ಕೊನೇಗೆ ಏನು ಕೈಗೆ ಬರತ್ತೆ, ಒಂದು ವರ್ಷದಲ್ಲಿ ಏನೂ ನಡೀದಿದ್ರೆ ಒಪ್ಪಂದ ತಾನಾಗೇ ಮುಗೀತು ಅನ್ನೋ ಒಂದು ಸಾಲು. ಕಂಪನಿ ಕಡೆಯ ಆ ಹೆಸರು ಎಚ್‌ಆರ್‌ನವ್ರದ್ದು ಆಗ್ದೆ ಕೆಲಸ ಮಾಡಿಸೋ ಮ್ಯಾನೇಜರ್‌ದು ಆಗಿರ್ಲಿ. ಇದನ್ನ ತುಂಬಿಸೋಕೆ ಅವ್ರು ಒಪ್ಪಿದ್ರೆ ಸಂತೋಷವಾಗಿ ಸಹಿ ಹಾಕಿಸಿ, ತುಂಬಿಸೋಕೆ ಆಗ್ಲಿಲ್ಲ ಅಂದ್ರೆ ತುಂಬೋವರೆಗೆ ಸಮಾರಂಭ ಮುಂದಕ್ಕೆ ಹಾಕೋಣ ಅಂತ ಕುಲಪತಿಗಳಿಗೆ ಹೇಳೋಕೆ ನಿಮ್ಮ ಕೈಲಿ ಕಾರಣ ಇರತ್ತೆ. ಅದೇ ಪುಟನ ಹಳೇ 14 ಜನಕ್ಕೂ ಕಳಿಸಿ, ಒಂದು ತಿಂಗಳು ಟೈಮ್ ಕೊಡಿ. ಇಬ್ರೋ ಮೂವ್ರೋ ಉತ್ತರ ಬರೀತಾರೆ, ಅವ್ರನ್ನ ಹೋಗಿ ಭೇಟಿ ಮಾಡಿ, ಉಳಿದ ಫೈಲ್‌ಗಳನ್ನ ಮುಚ್ಚಿ.